ನೀಲವ್ವ ದೊಡ್ಡವ್ವಗ ಧನ್ಯವಾದ ಹೇಳಿದ ತಪ್ಪಿಗೆ

ನಿಮಗ ಯಾರಿಗರೆ ಹಿಂಗ ಆಗೇತೇನ್ರಿ? ಖರೇ ಹೇಳ್ರಿ. ಒಬ್ಬರು ನಿಮಗ ಉಪಕಾರ ಮಾಡ್ಯಾರ. ನೀವು ಒಳ್ಳೇ ಮನಸ್ಸಿಂದ ಕೈ ಮುಗದು ಥ್ಯಾಂಕ್ಸ್ ಅಂದೀರಿ. ಅವರು ಅದಕ್ಕ ಸಿಟ್ಟಾಗಿ ವರ್ಷಪೂರ್ತಿ ದೂರ ಆಗ್ಯಾರ. ಆಗಿಲ್ಲೇನು? ನಮ್ಮನ್ಯಾಗ ಆಗಿತ್ತು. ಅದೂ ಕ್ರಿಸ್‌ಮಸ್ ದಿನ. ಅದೂ ಪಾಸ್ಟರ್ ಎದುರಿಗೆ.

ಇದು ಈಗ್ಯಾಕ ನೆನಪಾತು ಅಂದ್ರ, ಮೊನ್ನೆ ಅಡಿಗಿಮನಿ ಡ್ರಾವರ್ ಝಾಡಸಾಕ ತಗದಿದ್ದೆ. ಹರದ ರಬ್ಬರ್ ಬ್ಯಾಂಡು, ಕುಕ್ಕರಿನ ಹಳೇ ಸೀಟಿ, ಮೂರು ಮೋಂಬತ್ತಿ ತುಂಡು, ಎಲ್ಲಾ ತಗದ ಮ್ಯಾಲ ತಳದಾಗ ಒಂದು ಹಿತ್ತಾಳಿ ಚಮಚಾ ಸಿಕ್ತು. ಉಣ್ಣೋ ಚಮಚಾ ಅಲ್ರಿ. ತುದಿಗೆ ಹಲ್ಲಿನ ಗಾಲಿ ಇರ್ತೈತಲ್ಲ, ಕರ್ಚಿಕಾಯಿ ಅಂಚು ಕತ್ತರಸೋದು, ಅದು. ಅದು ನಮ್ದಲ್ಲ. ನಮ್ಮೂರ ನೀಲವ್ವ ದೊಡ್ಡವ್ವಂದು. ಐವತ್ತ ವರ್ಷದ ಹತ್ರ ಬಂತು, ತಿರಿಗಿ ಕೊಟ್ಟಿಲ್ಲ. ಕಳುವು ಅನಬ್ಯಾಡ್ರಿ. ಯಾಕ ಕೊಟ್ಟಿಲ್ಲ ಅಂತ ಕಡೀಕ ಹೇಳ್ತೇನಿ.

ನಮ್ಮೂರು ಅಣ್ಣಿಗೇರಿಗೂ ಶಲವಡಿಗೂ ನಡುವ. ಎರಿ ಮಣ್ಣಿನ ಊರು. ಮಳಿ ಬಂದ್ರ ಚಪ್ಪಲಿ ಒಂದ ಕಡಿ, ಕಾಲು ಒಂದ ಕಡಿ. ಆ ಊರಾಗ ಕಿರಿಸ್ತಾನರ ಮನಿ ಅಂದ್ರ ನಮ್ಮದೊಂದ. ಮೊದಲ ಇನ್ನೊಂದಿತ್ತು, ದವಾಖಾನಿ ಕಂಪೌಂಡರಂದು, ಅಂವಾ ಬದ್ಲಿ ಆಗಿ ಹೋದ. ನಮ್ಮಜ್ಜ ಯೋಹಾನ ಮಾಸ್ತರ. ಸಾಲಿ ಕಲಿಸಿ ರಿಟೈರ್ ಆಗಿದ್ದ. ಐತವಾರ ನಮ್ಮ ಪಡಸಾಲಿನ ಚರ್ಚು, ಅಜ್ಜನ ಪಾಸ್ಟರ್ರು. ಅಪ್ಪ, ಅವ್ವ, ಅಣ್ಣ ಸಾಮು, ನಾನು, ನಾಕ ಮಂದಿ ಸಭಾ. ನಾಕರಾಗ ಒಬ್ಬರು ಆಕಳಿಸಿದ್ರೂ ಅಜ್ಜಗ ಗೊತ್ತಾಗ್ತಿತ್ತು. ಖರೇ ಪಾಸ್ಟರ್ ಹುಬ್ಬಳ್ಳಿಯಿಂದ ತಿಂಗಳಿಗೊಮ್ಮೆ ಬರ್ತಿದ್ರು, ಬಸ್ಸು ಬಂದ್ರ.

ಅಜ್ಜಂದು ಎರಡ ಕಟ್ಟುನಿಟ್ಟು. ಒಂದು, ಸುಳ್ಳು ಹೇಳಬಾರದು. ಇನ್ನೊಂದು, ಉಪಕಾರ ಮರೀಬಾರದು. ಎದ್ದ ಕೂಡ್ಲೇ ದೇವರಿಗೆ ಸ್ತೋತ್ರ, ಅಂದ್ರ ಧನ್ಯವಾದ, ಉಣ್ಣೂ ಮುಂದ ಸ್ತೋತ್ರ. ಬಸ್ಸು ಸಿಕ್ರ ಸ್ತೋತ್ರ, ತಪ್ಪಿದ್ರ ‘ಆ ಬಸ್ಸಿನ್ಯಾಗ ಏನ ಕೆಡಕಿತ್ತೋ’ ಅಂತ ಅದಕ್ಕೂ ಸ್ತೋತ್ರ. ಇಷ್ಟರಾಗ ಬಿಟ್ಟಿದ್ರ ನಡೀತಿತ್ತು. ಕ್ರಿಸ್‌ಮಸ್ ದಿನ ಮಧ್ಯಾಹ್ನ ಊಟಕ್ಕ ಕುಂತಾಗ ಒಂದ ರೂಢಿ ಮಾಡಿಟ್ಟಿದ್ದ. ತಾಟಿನ್ಯಾಗ ಕೋಳಿ ಸಾರು ಹಬಿ ಬಿಡ್ತಿರ್ತೈತಿ, ಯಾರೂ ಕೈ ಹಚ್ಚಂಗಿಲ್ಲ. ಒಬ್ಬೊಬ್ಬರು ಎದ್ದು ಆ ವರ್ಷ ದೇವರು ಕೊಟ್ಟಿದ್ದು ಒಂದ ಹೇಳಿ ಸ್ತೋತ್ರ ಅನಬೇಕು. ಒಬ್ಬರು ಹೇಳಿದ್ದು ಇನ್ನೊಬ್ಬರು ಹೇಳಂಗಿಲ್ಲ. ‘ಹೇಳಿದ್ದನ್ನ ಹೇಳಿದ್ರ ದೇವರಿಗೆ ಕಿವುಡೇನ?’ ಅಂತಿದ್ದ ಅಜ್ಜ.

ದೊಡ್ಡವರಿಂದ ಸುರು. ಅಜ್ಜ ಆಯುಷ್ಯ ತಗೋತಿದ್ದ. ಅಪ್ಪ ಹಿಂಗಾರಿ ಮಳಿ, ಬಿಳಿಜೋಳ ಎರಡೂ ಒಂದ ಉಸರಿನ್ಯಾಗ ತಗೋತಿದ್ದ, ಅದು ಮೋಸ, ಆದ್ರ ಅಪ್ಪಗ ಯಾರು ಕೇಳೋರು? ಅವ್ವ ಎಲ್ಲಾರ ಆರೋಗ್ಯ. ಅಣ್ಣ ಪಾಸಾಗಿದ್ದು. ನನ್ನ ಪಾಳಿ ಬರೂದ್ರಾಗ ದೇವರು ಕೊಟ್ಟಿದ್ದೆಲ್ಲಾ ಖಾಲಿ. ಒಂದ ವರ್ಷ ‘ಎಮ್ಮಿ ಗಬ್ಬ ಆಗಿದ್ದಕ್ಕ ಸ್ತೋತ್ರ’ ಅಂದೆ. ಅದರ ಹಿಂದಿನ ವರ್ಷ ಏನೂ ಹೊಳೀದ ‘ಉಪ್ಪಿನಕಾಯಿ’ ಅಂದು ಕುಂತೆ. ಅಣ್ಣ ಮುಂದ ಆರ ತಿಂಗಳು ನನ್ನ ಉಪ್ಪಿನಕಾಯಿ ಅಂತನ ಕರದ.

ಈಗ ನೀಲವ್ವ ದೊಡ್ಡವ್ವ. ಬಾಜು ಮನಿಯಾಕಿ. ಲಿಂಗಾಯತರು. ನಮ್ಮ ಹಿತ್ತಲಕ್ಕೂ ಅವರ ಹಿತ್ತಲಕ್ಕೂ ನಡುವ ಎದಿಮಟ್ಟದ ಗ್ವಾಡಿ. ಅಜ್ಜಗ ಕಾಕಾ ಅಂತಿದ್ಲು, ನಮ್ಮವ್ವಗ ‘ಏ ಶಾಂತಿ’, ನನಗ ‘ಮಂಗ್ಯಾ’. ನಮ್ಮವ್ವ ಬೆಟಗೇರಿಯಿಂದ ಮದುವಿ ಆಗಿ ಬಂದ ಹೊಸದಾಗಿ, ಮೊದಲನೇ ಕ್ರಿಸ್‌ಮಸ್ಸಿಗೆ ಕರ್ಚಿಕಾಯಿ ಕರಿಯಾಕ ಕುಂತಾಳ, ಎಲ್ಲಾ ಎಣ್ಣ್ಯಾಗ ಬಾಯಿ ಬಿಟ್ಟಾವ. ಸಕ್ಕರಿ ಸುಟ್ಟ ವಾಸನಿ ಗ್ವಾಡಿ ದಾಟಿ ಹೋತು. ಅತ್ಲಾಗಿಂದ ಈಕಿ ಇಣಿಕಿ, ‘ಏನ ಶಾಂತಿ, ಹಬ್ಬಾ ಮಾಡಾಕತ್ತೀಯೋ, ಹೆಣಾ ಸುಡಾಕತ್ತೀಯೋ?’ ಅಂದ್ಲಂತ. ಅಂದವಳ ತನ್ನ ಬಾಣಲಿ, ತನ್ನ ಕರಿಯೂ ಝಾರಿ, ತನ್ನ ಎಣ್ಣಿ, ಆ ಹಲ್ಲಿನ ಗಾಲಿ ಚಮಚಾ ತಗೊಂಡು ಬಂದು ನಮ್ಮ ಹಿತ್ತಲದಾಗ ಮೂರು ಕಲ್ಲು ಹೂಡಿದ್ಲು. ಅವತ್ತ ಹೂಡಿದ ಕಲ್ಲು ಪ್ರತೀ ನಾತಾಳಕ್ಕ ಹಂಗ ಹೂಡೂದಾತು. ನಮ್ಮ ಕಡೆ ಕ್ರಿಸ್‌ಮಸ್ಸಿಗೆ ನಾತಾಳ ಅಂತಾರಲ್ಲ.

ತನ್ನ ಬಾಣಲಿ ಯಾಕ ಅಂದ್ರ, ನಮ್ಮನ್ಯಾಗಿನ ಪಾತ್ರೆದಾಗ ಕೋಳಿ ಬೇಯ್ತಿತ್ತು. ಮುಚ್ಚಿಟ್ಟ ಮಾತಲ್ಲ ಅದು. ನಮ್ಮ ಮನಿ ಅಡಗಿ ಓಣ್ಯಾಗ ಯಾರೂ ಮುಟ್ತಿರ್ಲಿಲ್ಲ. ಆದ್ರ ಇವು ನೀಲವ್ವನ ಬಾಣಲ್ಯಾಗ, ನೀಲವ್ವನ ಕೈಯಾಗ ಆದವು. ಹಿಂಗಾಗಿ ಏಸುಸ್ವಾಮಿ ಹುಟ್ಟಿದ ಖುಷಿಗೆ ಇಡೀ ಓಣಿ ಹಣಿಗೆ ಈಬತ್ತಿ ಹಚ್ಚಿಕೊಂಡು ಕುಂತು ನಮ್ಮ ಕರ್ಚಿಕಾಯಿ ತಿಂತಿತ್ತು. ನಮ್ಮ ಹಬ್ಬಾ ನಮ್ಮ ಐದ ಮಂದಿದ ಆಗಿ ಉಳೀಲಿಲ್ಲ ಅಂದ್ರ ಆ ಬಾಣಲಿಯಿಂದ. ಆಕಿ ಕರಿಯೂ ಮುಂದ ರುಚಿ ನೋಡ್ತಿರ್ಲಿಲ್ಲ. ಕಿವಿಗೊಟ್ಟು ಎಣ್ಣಿ ಸಪ್ಪಳ ಕೇಳಿ, ‘ಹಾಂ, ಬೆಂದ್ವು’ ಅಂತ ತಗೀತಿದ್ಲು. ಮೊದಲನೇ ಕರ್ಚಿಕಾಯಿ ಒಲಿ ಕಲ್ಲಿನ ಮ್ಯಾಲ ಇಟ್ಟು, ‘ಇದು ನಿಮ್ಮ ಏಸಪ್ಪಗ’ ಅಂತಿದ್ಲು. ಕಿರಿಸ್ತಾನರಾಗ ನೈವೇದ್ಯ ಇಲ್ಲ, ಅಜ್ಜ ಆವಾಗ ಬರೋಬ್ಬರಿ ಆಕಾಶ ನೋಡ್ತಿದ್ದ. ಬೈದ್ರ ನೀಲವ್ವಗ ಬ್ಯಾಸರಾಗ್ತೈತಿ, ಸುಮ್ನಿದ್ರ ಧರ್ಮಕ್ಕ ತ್ರಾಸು. ಅದನ್ನ ನಾನ ತಿಂದು ಇಬ್ಬರ ಕಷ್ಟಾನೂ ಬಗೀಹರಿಸ್ತಿದ್ದೆ.

ನಾ ಸಾಲ್ಯಾಗ ಮೂರನೇ ಇಯತ್ತಾ ಇದ್ದಾಗ ಹೊಸ ಪಾಸ್ಟರ್ ಬಂದ್ರು. ಕರಾವಳಿ ಕಡೆಯವರು. ಭಾಳ ಒಳ್ಳೇವರು, ಅದ ತ್ರಾಸಾತು. ಕ್ರಿಸ್‌ಮಸ್ ಊಟಕ್ಕ ನಮ್ಮನ್ಯಾಗ ಕುಂತ್ರು. ಎಲ್ಲಾರ ಸ್ತೋತ್ರ ಮುಗೀತು. ಪಾಸ್ಟರ್ ಕರ್ಚಿಕಾಯಿ ಕಚ್ಚಿ, ಕಣ್ಣ ಮುಚ್ಚಿ, ‘ಆಹಾ, ಇದು ಮಾಡಿದ್ದು ಯಾರು ಮಾರಾಯ್ರೆ?’ ಅಂದ್ರು.

‘ಬಾಜು ಮನಿ ನೀಲವ್ವರಿ,’ ಅಂದ ಅಜ್ಜ. ‘ಹನ್ನೊಂದ ವರ್ಷ ಆತು, ಆಕಿನ ಮಾಡ್ತಾಳ.’

‘ಹನ್ನೊಂದು ವರ್ಷ! ನೀವು ಅವರಿಗೆ ಒಂದು ಧನ್ಯವಾದ ಹೇಳಿದ್ದುಂಟಾ?’

ಅಜ್ಜನ ಮುಖ ಇಳೀತು ನೋಡ್ರಿ. ಬಸ್ಸು ತಪ್ಪಿದ್ದಕ್ಕ ಸ್ತೋತ್ರ ಹೇಳಿದ ಮನಶಾ, ಗ್ವಾಡಿ ಆಚೆ ಇರೋ ಹೆಣಮಗಳಿಗೆ ಹನ್ನೊಂದ ವರ್ಷದಾಗ ಒಂದ ಸಲ ಹೇಳಿರ್ಲಿಲ್ಲ. ಜೀವನದ ಎರಡನೇ ಕಟ್ಟುನಿಟ್ಟು ತಾನ ಮುರದಿದ್ದ. ಊಟಾ ಅಲ್ಲೇ ಬಿಟ್ಟ. ನನಗ ‘ಏ ಕರುಣಾ, ಓಡು, ದೊಡ್ಡವ್ವಗ ಕರ್ಕೊಂಡ ಬಾ’ ಅಂದ. ತಾನು ಒಳಗ ಹೋಗಿ ಅವ್ವನ ಟ್ರಂಕ್ ತಗದು, ಹಬ್ಬಕ್ಕಂತ ತಂದು, ಸಂಜಿಮುಂದ ಉಡಾಕಂತ ಗಳಿಗಿ ಮುರೀದ ಮಡಿಕಿ ಹಂಗ ಇಟ್ಟಿದ್ದ ಇಳಕಲ್ ಸೀರಿ ತಾಟಿನ್ಯಾಗ ಇಟ್ಟ. ಅವ್ವ ಬಾಯಿ ತಗದ್ಲು. ಪಾಸ್ಟರ್ ಇದ್ರು. ಮುಚ್ಚಿದ್ಲು.

ದೊಡ್ಡವ್ವ ರೊಟ್ಟಿ ಹಿಟ್ಟಿನ ಕೈ ಸೆರಗಿಗೆ ವರಸ್ಕೋತ ಓಡಿ ಬಂದ್ಲು. ‘ಯಾಕ ಕಾಕಾ, ಏನಾತು? ಯಾರಿಗರೆ ಆರಾಮಿಲ್ಲೇನು?’

ಎಲ್ಲಾರೂ ಎದ್ದ ನಿಂತ್ವಿ. ಅಜ್ಜ ಸಾಲ್ಯಾಗ ಧ್ವಜಾ ಹಾರಸೂ ಮುಂದಿನ ದನಿ ತಗದ. ‘ನೀಲವ್ವನವರ, ಹನ್ನೊಂದು ವರ್ಷಗಳಿಂದ ತಾವು ನಮಗೆ ಮಾಡಿದ ಉಪಕಾರಕ್ಕೆ ನಮ್ಮ ಕುಟುಂಬದ ಪರವಾಗಿ ಅನಂತ ಧನ್ಯವಾದಗಳು.’ ಸೀರಿ ಕೊಟ್ಟ. ಪಾಸ್ಟರ್ ಚಪ್ಪಾಳಿ ಬಡದ್ರು. ಅವರು ಬಡದ್ರಲ್ಲ, ನಾವೂ ಬಡದ್ವಿ.

ದೊಡ್ಡವ್ವ ಸೀರಿ ನೋಡಿದ್ಲು. ಅವ್ವನ ಮುಖ ನೋಡಿದ್ಲು. ‘ಆತ್ರಿ ಮಾಸ್ತರ್ರ. ಬರ್ತೇನ್ರಿ’ ಅಂದು ಹೋದ್ಲು.

ಅಜ್ಜ ಹಗುರಾಗಿ ಕುಂತು ಸಾರು ಕಲಿಸ್ಕೊಂಡ. ಪಾಸ್ಟರ್ ಹೊಟ್ಟಿ ತುಂಬ ಉಂಡು ಬಸ್ಸಿಗೆ ಹೋದ್ರು. ಆಮ್ಯಾಲ ಅವ್ವ ತಾಟ ಎತ್ಕೋತ ಸಣ್ಣಕ ಹೇಳಿದ್ಲು, ‘ಮಾವಾರ, ಅಕಿ ನಿಮಗ ಮಾಸ್ತರ್ರ ಅಂದ್ಲು.’

‘ಅಲ್ಲೇನು? ನಾ ಮಾಸ್ತರ ಹೌದಲ್ಲೋ?’

‘ಇಷ್ಟ ದಿನಾ ಕಾಕಾ ಇದ್ರಿ.’

ಮರುದಿನ ಮುಂಜಾನೆ ಸೀರಿ ಗ್ವಾಡಿ ಮ್ಯಾಲ ಇತ್ತು. ಗಳಿಗಿ ಹಂಗ. ಗಾಳಿಗೆ ಹಾರಬಾರದಂತ ಮ್ಯಾಲೊಂದು ಕಲ್ಲು.

ಆಮ್ಯಾಲಿಂದು ಏನ ಹೇಳ್ಲಿ. ಜಗಳಾಡಿದ್ರ ಎಷ್ಟ ಚೊಲೋ ಇರ್ತಿತ್ತು. ಆಕಿ ಮರ್ಯಾದಿ ಕೊಡಾಕ ಸುರು ಮಾಡಿದ್ಲು! ಅವ್ವಗ ‘ಆರಾಮದೀರೇನ್ರಿ?’ ಅಜ್ಜಗ ‘ನಮಸ್ಕಾರ್ರಿ ಮಾಸ್ತರ್ರ.’ ಮೊದ್ಲು ಹೆಪ್ಪು ಮುಗದ್ರ ಕೇಳೂದ ಇಲ್ಲ, ಗ್ವಾಡಿ ದಾಟಿ ಕೈ ಹಾಕಿ ಕೋಳಿ ಸೋಂಕದ ನಮ್ಮ ಮೊಸರಿನ ಗಡಗಿಯಿಂದ ತಗೊಂಡ ಹೋಗ್ತಿದ್ಲು. ಈಗ ಊರ ಅಗಸಿ ಬಾಗಿಲ ಕಡೆ ಯಾರದೋ ಮನಿಗೆ ಹೋಗಿ ತರ್ತಿದ್ಲು. ನನಗ ಶೇಂಗಾ ಕೊಡೂದು ಬಿಟ್ಟಿರ್ಲಿಲ್ಲ, ಖರೇ. ಆದ್ರ ಮೊದ್ಲು ‘ತಗೋ ಬೇ ಮಂಗ್ಯಾ, ನುಂಗು’ ಅಂತಿದ್ದಾಕಿ ಈಗ ‘ತಗೋಳವ್ವಾ’ ಅಂತಿದ್ಲು. ಬೈಸ್ಕೊಳ್ಳೂದಿಲ್ಲಂತ ಅತ್ತ ಹುಡುಗಿ ಜಗತ್ತಿನ್ಯಾಗ ನಾನ ಒಬ್ಬಾಕಿ ಇರಬೇಕು.

ಒಂದಿನ ಅವ್ವ ಕೆರಿ ದಂಡಿಮ್ಯಾಲ ತಡೀಲಾರದ ಕೇಳೇಬಿಟ್ಲು. ನಾನೂ ಸಣ್ಣ ಕೊಡಾ ಹಿಡಕೊಂಡು ನಿಂತಿದ್ದೆ.

‘ಅಕ್ಕಾ, ಏನ ತಪ್ಪಾತು ಹೇಳರೆ ಹೇಳು.’

‘ತಪ್ಪೇನೈತ್ರಿ? ನಿಮ್ಮ ಮನಿಗೆ ನಾ ಹೊರಗಿನಾಕಿ ಅಂತ ಗೊತ್ತಿರ್ಲಿಲ್ಲ, ತಿಳೀತು.’

‘ಹಂಗಲ್ಲ ಅಕ್ಕಾ, ಮಾವಾರು ಉಪಕಾರ ನೆನಸಿ...’

‘ನೀವು ದಿನಾ ರೊಟ್ಟಿ ಬಡೀತೀರಿ. ನಿಮಗ ಯಾರರೆ ಎದ್ದ ನಿಂತು ಚಪ್ಪಾಳಿ ಬಡದಾರೇನ್ರಿ? ಇಲ್ಲ. ಯಾಕಿಲ್ಲ? ನೀವು ಮನಿಯಾಕಿ. ನನಗ ಬಡದ್ರು. ಕೂಲಿಯಾಕಿ ಕೈಯಾಗ ಸೀರಿ ಇಟ್ಟು ಸಾಗಹಾಕಿದಂಗ ಆತು.’ ಕೊಡಾ ಎತ್ತಿ ಟೊಂಕಕ್ಕಿಟ್ಕೊಂಡು ಹೋದ್ಲು.

ಅವ್ವ ಕೊಡಾ ತುಂಬಾಕ ಬಗ್ಗಿದ್ಲು. ದೊಡ್ಡವ್ವ ಅಂದದ್ದು ಖರೇನ ಇತ್ತು, ಅವ್ವ ಸ್ತೋತ್ರದ ಮನ್ಯಾಗ ಹನ್ನೆರಡ ವರ್ಷ ರೊಟ್ಟಿ ಬಡದಿದ್ಲು. ಎಮ್ಮಿಗೆ ಸ್ತೋತ್ರ ಸಿಕ್ಕಿತ್ತು, ಉಪ್ಪಿನಕಾಯಿಗೆ ಸಿಕ್ಕಿತ್ತು. ಆಕಿ ಹೆಸರು ನಾವು ಯಾರೂ ತಗದಿರ್ಲಿಲ್ಲ. ಆಕಿ ಮನಿಯಾಕಿ ಅಲ್ಲೇನ್ರಿ!

ಮತ್ತ ಡಿಸೆಂಬರ್ ಬಂತು. ಕಡ್ಲಿಗಿಡಾ ಎದ್ದಿದ್ವು, ಥಂಡಿ ಬಿದ್ದಿತ್ತು. ಗ್ವಾಡಿ ಆಚೆಯಿಂದ ಸುದ್ದಿ ಇಲ್ಲ. ಹಬ್ಬ ನಾಕ ದಿನ ಇದ್ದಾಗ ಅವ್ವ ಎಮ್ಮಿಗಿಂತ ಮೊದಲ ಎದ್ದು ತಾನ ಕರಿಯಾಕ ಕುಂತ್ಲು. ಹನ್ನೆರಡ ವರ್ಷದ ಹಿಂದಿಂದ ಕಥಿ. ಕರ್ಚಿಕಾಯಿ ಒಂದೊಂದ ಬಾಯಿ ಬಿಟ್ವು, ಪುಠಾಣಿ-ಕೊಬ್ಬರಿ ಹೂರಣೆಲ್ಲಾ ಎಣ್ಣ್ಯಾಗ ತೇಲಿ ಕರ್ರಗಾತು. ವಾಸನಿ ಗ್ವಾಡಿ ದಾಟಿ ಹೋತು. ನಾವೆಲ್ಲಾ ಗ್ವಾಡಿ ಕಡೆ ನೋಡ್ಕೋತ ಕುಂತ್ವಿ. ಆ ಕಡೆ ಬಳಿ ಸಪ್ಪಳಾತು. ನಿಂತು ಕೇಳಾಕತ್ತಾಳಂತ ಗೊತ್ತಾತು. ಆದ್ರ ತಲಿ ಮ್ಯಾಲ ಬರ್ಲಿಲ್ಲ.

ಅವ್ವ ಝಾರಿ ಒಗದ್ಲು. ‘ಈ ಸಲ ಓಣಿಗೆ ಏನ ಕೊಡೂದು? ಇವನ್ನ ಕೊಟ್ರೂ ಯಾರ ತಿಂತಾರ? ಕದಾ ಹಾಕ್ಕೊಂಡು ನಾವ ಐದ ಮಂದಿ ಏಸಪ್ಪನ ಹುಟ್ಟಸೂಣು.’

ಅಜ್ಜ ರುಮಾಲು ಸುತ್ತಿಕೊಂಡ. ‘ನಾ ಹೋಗಿ ಕ್ಷಮಾ ಕೇಳ್ತೇನಿ.’

‘ಬ್ಯಾಡ್ರಿ ಮಾವಾರ! ಧನ್ಯವಾದ ಹೇಳಿದ್ದಕ್ಕ ಇಷ್ಟಾಗೇತಿ. ಇನ್ನ ಕ್ಷಮಾ ಕೇಳಿದ್ರ ಆಕಿ ಊರ ಬಿಡ್ತಾಳ.’

‘ಮತ್ತೇನ ಮಾಡ್ಲವ್ವಾ?’

‘ತಪ್ಪ ತಗೀರಿ.’

‘ಯಾರ ತಪ್ಪು?’

‘ಆಕಿದು. ಮನಿಯಾಕಿ ಕೈಯಾಗಿಂದಕ್ಕ ಹೆಸರ ಇಡ್ತೀರಲ್ಲ, ಉಪ್ಪ ಕಡಿಮ್ಯಾತು, ಸಾರು ನೀರಾತು ಅಂತ ನನಗ ದಿನಾ? ಹಂಗ. ಕರ್ಚಿಕಾಯಿ ಚೊಲೋ ಆಗ್ತಿರ್ಲಿಲ್ಲ ಅನ್ರಿ.’

ಅಜ್ಜ ರುಮಾಲು ಬಿಚ್ಚಿದ. ‘ಶಾಂತವ್ವಾ, ಚೊಲೋ ಆಗ್ತಿದ್ವು. ಸುಳ್ಳು ಹೆಂಗ ಹೇಳ್ಲಿ?’

ಇದು ನಮ್ಮಜ್ಜನ ಹಣೇಬರಾ. ಎರಡನೇ ಕಟ್ಟುನಿಟ್ಟಿನಿಂದ ಸಂಬಂಧ ಕೆಡಿಸ್ಕೊಂಡ, ಮೊದಲನೇ ಕಟ್ಟುನಿಟ್ಟು ಅದನ್ನ ಸರಿ ಮಾಡಗೊಡವಲ್ದು. ಅಡ್ಡಾಡಿದ, ಕುಂತ, ಎದ್ದ. ಮಧ್ಯಾಹ್ನದ ಊಟಾ ಬಿಟ್ಟ. ಹನ್ನೊಂದ ವರ್ಷದ ಕರ್ಚಿಕಾಯಿ ಒಂದೊಂದ ನೆನಸಿ ಅದರಾಗ ಒಂದ ಖರೇ ತಪ್ಪು ಹುಡುಕಾಕತ್ತಿದ್ದ. ಪ್ರಾರ್ಥನಿ ಮಾಡಿದ್ನೋ ಏನೋ, ಬಿಸಲಿಳಿಯೂ ಹೊತ್ತಿಗೆ ಒಮ್ಮಿಂದೊಮ್ಮೆಲೆ ‘ಐತಿ! ಐತಿ!’ ಅಂತ ಎದ್ದ. ಸಣ್ಣ ಹುಡುಗಗ ಬೋರೆ ಹಣ್ಣು ಸಿಕ್ಕಂಗ ಮುಖ.

ಗ್ವಾಡಿ ಹತ್ರ ಹೋಗಿ ನಿಂತ. ನಾನು, ಅಣ್ಣ ಸೌದಿ ಒಟ್ಟಿಲ ಹಿಂದ. ದೊಡ್ಡವ್ವ ಆ ಕಡೆ ಮೆಣಸಿನಕಾಯಿ ತೊಟ್ಟು ತಗ್ಯಾಕತ್ತಿದ್ಲು.

‘ನೀಲವ್ವಾ.’

‘ಏನ್ರಿ ಮಾಸ್ತರ್ರ.’

‘ನಿನ್ನ ಕರ್ಚಿಕಾಯಿ ವಿಷಯ ಒಂದ ಮಾತು ಹೇಳೂದೈತಿ. ಮೂರು ವರ್ಷದ ಹಿಂದ ಒಂದ ಕರ್ಚಿಕಾಯ್ಯಾಗ ಏಲಕ್ಕಿ ಸಿಪ್ಪಿ ಇತ್ತು. ಸೋಸೂದ್ರಾಗ ಬಿಟ್ಟಿದ್ದಿ. ನನ್ನ ಹಲ್ಲಾಗ ಸಿಕ್ಕೊಂಡು ಎರಡ ದಿನಾ ತ್ರಾಸ ಕೊಡ್ತು.’

ಮೆಣಸಿನಕಾಯಿ ಕೈ ನಿಂತ್ವು.

‘ನನ್ನ ಕರ್ಚಿಕಾಯ್ಯಾಗ?’

‘ನಿನ್ನ ಕರ್ಚಿಕಾಯ್ಯಾಗ.’

‘ಸಿಪ್ಪಿ?’

‘ಸಿಪ್ಪಿ. ಕಡ್ಡಿ ಹಾಕಿ ತಗದೇನಿ.’

ದೊಡ್ಡವ್ವ ಮೊರಾ ಬಿಸಾಕಿ ಎದ್ಲು. ‘ಏನ್ ಕಾಕಾ! ಮೂರು ವರ್ಷ ಅದನ್ನ ಹಲ್ಲಾಗ ಇಟ್ಕೊಂಡ ಕುಂತಿದ್ರೇನು? ಅವತ್ತ ಹೇಳಾಕ ನಿಮ್ಮ ಬಾಯಾಗ ಏನಿತ್ತು?’

‘ಸಿಪ್ಪಿ ಇತ್ತಲ್ಲವ್ವಾ.’

‘ಮಂದಿ ಎದುರಿಗೆ ಚಪ್ಪಾಳಿ ಹೊಡಸ್ತೀರಿ, ಮನಸಿನ್ಯಾಗ ಸಿಪ್ಪಿ ಇಟ್ಕೋತೀರಿ! ನನ್ನ ಕೈಗೆ ಹೆಸರಿಡಾಕ ಬಂದೀರಿ, ಅಲ್ಲಿ ನಿಮ್ಮ ಸೊಸಿ ಮುಂಜಾನೆಯಿಂದ ಊರೆಲ್ಲಾ ಹೊಗಿ ಎಬ್ಬಿಸ್ಯಾಳ, ಆಕಿಗೇನ ಅಂದ್ರಿ? ಏ ಶಾಂತಿ! ಸತ್ತಿಯೇನ? ಕಣಕಾ ನಾದಿಟ್ಟೀಯೋ ಇಲ್ಲೋ? ಆ ಮಂಗ್ಯಾ ಎಲ್ಲೈತಿ? ಬಾ ಬೇ, ಬಾಣಲಿ ಹಿಡಿ!’

ಕಾಕಾ ಅಂದ್ಲು ಕೇಳಿಸ್ಕೊಂಡ್ರೇನು? ಅಜ್ಜಗ ಕೇಳಿಸಿತ್ತು. ಗ್ವಾಡಿ ಹಿಡಕೊಂಡು ನಿಂತಿದ್ದ, ಇತ್ಲಾಗ ತಿರುಗಿದ್ದಿಲ್ಲ. ನಾ ಮಂಗ್ಯಾ ಸೌದಿ ಒಟ್ಟಿಲ ಕೆಡವಿ ಓಡಿದೆ.

ಮೂರು ಕಲ್ಲು ಹೂಡಿದ್ರು. ಆ ಸಲ ದೊಡ್ಡವ್ವ ಏಲಕ್ಕಿ ಎರಡ ಸಲ ಕುಟ್ಟಿ ಮೂರು ಸಲ ಸೋಸಿದ್ಲು, ಪ್ರತೀ ಸಲ ಜರಡಿ ಅಜ್ಜನ ಮೂಗಿಗೆ ಹಿಡದು, ‘ನೋಡ್ರಿ, ಚಷ್ಮಾ ಹಾಕ್ಕೊಂಡ ನೋಡ್ರಿ’ ಅಂದ್ಲು. ಮೊದಲನೇದ ಏಸಪ್ಪಗಂತ ಇಟ್ಲು. ಅಜ್ಜ ಆಕಾಶ ನೋಡ್ಲಿಲ್ಲ. ಅದನ್ನ ತಾನ ತಗೊಂಡು ಬಾಯಾಗ ಇಟ್ಕೊಂಡು, ‘ಸಕ್ಕರಿ ಒಂದಿಷ್ಟ ಹೆಚ್ಚಾಗೇತಿ’ ಅಂದ. ಸುಳ್ಳೋ ಖರೇನೋ ದೇವರಿಗೆ ಗೊತ್ತು. ನಾ ತಿಂದಿರ್ಲಿಲ್ಲ, ನನ್ನ ಪಾಲು ಅಂವಾ ತಿಂದಿದ್ದ.

ಕ್ರಿಸ್‌ಮಸ್ ಊಟ. ಅವತ್ತೂ ಅದ ಪಾಸ್ಟರ್ರು. ಊಟಕ್ಕ ಕುಂಡ್ರೂಕಿಂತ ಮೊದಲ ಅವ್ವ ಎಲ್ಲಾರಿಗೂ ತಾಕೀತು ಮಾಡಿದ್ಲು: ಯಾರೂ ನೀಲವ್ವಕ್ಕನ ಹೆಸರು ಎತ್ತಂಗಿಲ್ಲ. ಪಾಸ್ಟರ್ ತಡೀಲಾರದ ಸ್ತೋತ್ರಕ್ಕಿಂತ ಮೊದಲ ಕರ್ಚಿಕಾಯಿ ಕಚ್ಚಿ ‘ಆಹಾ’ ಅಂತ ಬಾಯಿ ತಗದ್ರು. ‘ಪಾಸ್ಟರ್ರ, ನೀವು ಸುಮ್ಕ ಉಣ್ರಿ’ ಅಂದ್ಲು ಅವ್ವ. ನಮ್ಮವ್ವ ಪಾಸ್ಟರಿಗೆ ಎದುರು ಮಾತಾಡಿದ್ದು ಅದೊಂದ ಸಲ.

ಸ್ತೋತ್ರ ಸುರುವಾತು. ಅಜ್ಜ ಆಯುಷ್ಯ. ಅಪ್ಪ ಮಳಿ. ಅವ್ವ ಆರೋಗ್ಯ. ಅಣ್ಣ ಪಾಸು. ನನ್ನ ಪಾಳಿ ಬಂತು. ಹಿತ್ತಲದಾಗ ದೊಡ್ಡವ್ವ ತನ್ನ ಬಾಣಲಿ ಒಯ್ಯಾಕ ಬಂದಿದ್ಲು, ಬೂದಿ ಹಚ್ಚಿ ತಿಕ್ಕೂ ಸಪ್ಪಳ ಕೇಳ್ತಿತ್ತು. ನನಗ ಆ ವರ್ಷ ಹೇಳೂದು ಒಂದ ಇತ್ತು. ಅದು ಬಿಟ್ಟು ಬ್ಯಾರೇ ಏನೂ ಇರ್ಲಿಲ್ಲ. ಆದ್ರ ಹೆಸರು ಎತ್ತಂಗಿಲ್ಲ. ಎದ್ದ ನಿಂತೆ, ಕಣ್ಣ ಮುಚ್ಚಿದೆ.

‘ಏಸುಸ್ವಾಮಿ, ನಮ್ಮಜ್ಜನ ಹಲ್ಲಾಗ ಏಲಕ್ಕಿ ಸಿಪ್ಪಿ ಸಿಗಿಸಿದ್ದಕ್ಕ ಸ್ತೋತ್ರ.’

ಬಾಣಲಿ ತಿಕ್ಕೂ ಸಪ್ಪಳ ನಿಂತು ಹೋತು. ಅಣ್ಣ ನನ್ನ ಕಾಲು ತುಳದ. ಪಾಸ್ಟರಿಗೆ ಏನೂ ತಿಳೀಲಿಲ್ಲ, ಅವರು ಹಲ್ಲಿನ ಬ್ಯಾನಿ ವಾಸಿ ಆಗಿದ್ದಕ್ಕ ಅಂತ ತಿಳಕೊಂಡಿರಬೇಕು. ಆಮ್ಯಾಲ ಹಿತ್ತಲದಿಂದ ಒಂದ ನಗು ಬಂತು ನೋಡ್ರಿ, ಬಾಣಲಿ ಕೈಯಿಂದ ಜಾರಿ ಕಲ್ಲಿನ ಮ್ಯಾಲ ಖಣಖಣ ಅಂತ ಉರುಳೂ ಹಂಗ. ಅಜ್ಜ ಕಣ್ಣು ಮುಚ್ಚಿಕೊಂಡ, ‘ಆಮೆನ್’ ಅಂದ. ನಮ್ಮಜ್ಜ ನನ್ನ ಸ್ತೋತ್ರಕ್ಕ ಅಷ್ಟ ಜೋರಾಗಿ ಎಂದೂ ಆಮೆನ್ ಅಂದಿರ್ಲಿಲ್ಲ.

ಆ ದಿನ ಬಾಣಲಿ ಒಯ್ದಾಕಿ ಹಲ್ಲಿನ ಗಾಲಿ ಚಮಚಾ ಮರತ ಹೋದ್ಲು. ಅಣ್ಣ ಕೊಡಾಕ ಹೊಂಟ. ಅವ್ವ ಕಸಗೊಂಡ್ಲು. ‘ಇರ್ಲಿ ಬಿಡು, ಬೇಕಾದ್ರ ಬಂದು ಬೈದು ಒಯ್ತಾಳ.’ ಮುಂದಿನ ವರ್ಷ ಬಂದ್ಲು, ‘ನನ್ನ ಗಾಲಿ ಮುಚ್ಚಿಟ್ಕೊಂಡೀರಿ, ಕಳ್ಳರು’ ಅಂತ ಬೈದ್ಲು, ಕತ್ತರಸಿದ್ಲು, ಮತ್ತ ಅಲ್ಲೇ ಬಿಟ್ಟು ಹೋದ್ಲು. ಅದರ ಮುಂದಿನ ವರ್ಷಾನೂ ಹಂಗ. ನಾವ್ಯಾರೂ ದಡ್ಡರಲ್ಲ, ಆಕಿನೂ ಮರಗುಳಿ ಅಲ್ಲ. ಈಗ ದೊಡ್ಡವ್ವ ಇಲ್ಲ, ಅಜ್ಜ ಇಲ್ಲ, ಅವ್ವ ಇಲ್ಲ. ಗಾಲಿ ನನ್ನ ಡ್ರಾವರಿನ್ಯಾಗ ಐತಿ. ಬೈಯಾಕ ಯಾರೂ ಬರೂದಿಲ್ಲ ಅನ್ನೋದೊಂದ ತ್ರಾಸು. ಮೊನ್ನೆ ಹುಣಸಿ ಹುಳಿ ಹಚ್ಚಿ ತಿಕ್ಕಿ ಇಟ್ಟೇನಿ. ಈ ಡಿಸೆಂಬರಿಗೆ ಬಾಜು ಫ್ಲ್ಯಾಟಿನಾಕಿನ್ನ ಕರೀಬೇಕಂತ ಮಾಡೇನಿ. ಆಕಿ ದಿನಾ ಲಿಫ್ಟಿನ್ಯಾಗ ಹತ್ತ ಸಲ ಥ್ಯಾಂಕ್ಸ್ ಅಂತಾಳ. ನೋಡೂಣು, ಅದನ್ನ ಬಿಡಸಾಕ ಎಷ್ಟ ವರ್ಷ ಹಿಡೀತೈತಿ.

ನಿಮ್ಮ ಓಣ್ಯಾಗೂ ಒಬ್ಬಾಕಿ ನೀಲವ್ವ ಇದ್ದಿರಬೇಕಲ್ಲ? ಥ್ಯಾಂಕ್ಸ್ ಅಂದು ಕೆಡಿಸಿದ್ದು, ಬೈದು ಕೂಡಿಸಿದ್ದು, ಏನಿದ್ರೂ ಕೆಳಗ ಬರೀರಿ, ಒಂದ ಸಾಲಿನ್ಯಾಗ ಮುಗಸಬ್ಯಾಡ್ರಿ. ಬರದವರಿಗೆ ನಾ ಥ್ಯಾಂಕ್ಸ್ ಅನ್ನೂದಿಲ್ಲ, ಈಗ ಹೇಳಿರ್ತೇನಿ. ಕುಂತು ಓದಿ, ಒಂದೊಂದ ತಪ್ಪ ತಗೀತೇನಿ.